ದೂರು ಬರೆಯಲು ಬಾರದ ಊರು

೧
ಹೇಗೆ ಶುರು ಮಾಡಲಿ? 'ಆ ಫೈಲನ್ನು ಯಾರೂ ಯಾವತ್ತೂ ಕೇಳಿರಲಿಲ್ಲ' ಎಂದು ಬರೆದು ಹೊಡೆದುಹಾಕಿದೆ. ಬ್ಯಾಂಕಿನ ಫೈಲಿನ ಕಥೆ ಎಂದರೆ ನೀವು ಈಗಲೇ ಪುಟ ತಿರುಗಿಸುತ್ತೀರಿ. ಕೊಲೆಯಿಂದ ಶುರು ಮಾಡೋಣವೆಂದರೆ, ಅಮೆರಿಕದ ಮಿನೆಸೋಟದ ನಮ್ಮೂರಲ್ಲಿ ಕೊಲೆಗಾರನೂ ಮೊದಲು 'ತೊಂದರೆ ಇಲ್ಲ ತಾನೆ?' ಎಂದು ಕೇಳಿಯಾನು.

ಸರಿ, ಫೈಲೇ ಇರಲಿ. ಕೆಂಪು ರಟ್ಟಿನದು. (ನೀಲಿ ಎನ್ನುತ್ತಾಳೆ ರೋಂಡಾ. ಆಯಿತು, ನೀಲಿ.)

೨
ರೋಂಡಾ ಬ್ರೋಟೆನ್ ನಮ್ಮೂರ ಬ್ಯಾಂಕಿನವಳು. ಶಾಖೆಗಳು ಎಲ್ಲಿವೆ, ಯಾವುದು ಮುಚ್ಚಿತು, ಜನ ಬ್ಯಾಂಕಿನ ಬಗ್ಗೆ ಏನು ಬರೆದುಕೊಟ್ಟರು ಎಲ್ಲವೂ ಆ ಫೈಲಿನಲ್ಲಿರಬೇಕು. ಯಾರು ಕೇಳಿದರೂ ತೋರಿಸಬೇಕು. ಪ್ರತಿವರ್ಷ ಏಪ್ರಿಲ್ ಒಂದರೊಳಗೆ ಹೊಸದಾಗಿಸುವುದು ಅವಳ ಕೆಲಸ. (ಮೂರ್ಖರ ದಿನವನ್ನು ಆರಿಸಿದ್ದು ಕಾನೂನು, ನಾನಲ್ಲ.)

ಈ ವರ್ಷ ನದಿಯಾಚೆಯ ಶಾಖೆ ಮುಚ್ಚುವ ಮಾತೆದ್ದಿದೆ. ಅಲ್ಲಿರುವವರು ಹೆಚ್ಚಾಗಿ ಕಾರು ಓಡಿಸುವುದನ್ನು ಬಿಟ್ಟ ಮುದುಕರು. ಹಿಮದಲ್ಲಿ ಸೇತುವೆ ದಾಟಿ ಬರುವುದು ಅವರಿಂದಾಗದು. ಅವರು ಬರೆದದ್ದನ್ನು ಸರ್ಕಾರದ ತಪಾಸಣೆಯವರೂ ಬ್ಯಾಂಕಿನ ನಿರ್ದೇಶಕರೂ ಓದುತ್ತಾರೆ. ಹಾಗಾಗಿ ರೋಂಡಾ ಕಂಡಕಂಡವರಿಗೆಲ್ಲ "ಬರೀರಿ" ಎಂದಳು.

ಬರೆದರು. 'ರೋಂಡಾ ಬಹಳ ಒಳ್ಳೆಯವಳು.' 'ಕಾಫಿ ಯಾವಾಗಲೂ ಬಿಸಿಯಾಗಿರುತ್ತದೆ.' 'ನಮ್ಮಿಂದ ತೊಂದರೆಯಾಗಿದ್ದರೆ ಕ್ಷಮಿಸಿ.' ಡೆಲ್ಮರ್ ಎಂಬ ಮುದುಕ ತನ್ನ ಮೆಚ್ಚುಗೆಯ ಜೊತೆಗೆ ಒಂದು ತಟ್ಟೆ ಲೆಮನ್ ಬಾರ್ ಎಂಬ ನಿಂಬೆಯ ಸಿಹಿತಿಂಡಿಯನ್ನೂ ಕೊಟ್ಟ.

ನಮ್ಮೂರವರಿಗೆ ದೂರು ಬರೆಯುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎಂದ ಹಾಗೆ. ಓದಿದವರು ಏನೆಂದುಕೊಳ್ಳುತ್ತಾರೆ? ಎಲ್ಲರೂ ಸುಖವಾಗಿದ್ದಾರೆ, ಧಾರಾಳವಾಗಿ ಬಾಗಿಲು ಹಾಕಬಹುದು! ನನಗಂತೂ ಮೈಯೆಲ್ಲ ಉರಿಯಿತು.

೩
ಇಲ್ಲಿ ನಾನೊಂದು ಉಪಾಯ ಹೂಡಿದೆ: ರೋಂಡಾ ತಾನೇ ಒಂದು ಖಾರವಾದ ದೂರು ಬರೆದು ಫೈಲಿಗೆ ಸೇರಿಸಿದಳು.

"ನಾನು ಸೇರಿಸಲ್ಲ," ಎಂದಳು ರೋಂಡಾ.

"ಶಾಖೆ ಉಳೀಬೇಕೋ ಬೇಡ್ವೋ?"

"ಉಳೀಬೇಕು. ಆದ್ರೆ ಕಳ್ಳ ಕಾಗದ ಇಟ್ಮೇಲೆ ಆ ಫೈಲನ್ನ ಯಾರು ನಂಬ್ತಾರೆ? ನಿಂಗೇನು, ಕಥೆ ಮುಗಿದ್ರೆ ಸಾಕು. ನಾಳೆ ಕೌಂಟರಲ್ಲಿ ಕೂರೋಳು ನಾನು."

ಮೂರನೆಯ ಭಾಗ ರದ್ದು.

೪
ಕ್ಷಮೆ ಕೇಳಿ ಬರೆದಿದ್ದ ಆರ್ಡಿಸ್ ಮೋಯೆನ್ ಎಂಬ ಅಜ್ಜಿ ಊರುಗೋಲಿನೊಂದಿಗೆ ನದಿಯಾಚೆಯಿಂದ ಯಾರದೋ ಕಾರಿನಲ್ಲಿ ಬ್ಯಾಂಕಿಗೆ ಬಂದರು.

"ಶಾಖೆ ಮುಚ್ಚಿದ್ರೆ ಏನ್ಮಾಡ್ತೀರಿ, ಆರ್ಡಿಸ್?" ರೋಂಡಾ ಕೇಳಿದಳು.

"ಹೇಗೋ ಆಗುತ್ತೆ ಬಿಡೇ. ನಮಗಿಂತ ಕಷ್ಟದಲ್ಲಿರೋರಿದಾರೆ."

"ಹೇಗೆ ಆಗುತ್ತೆ ಅಂತ ಕೇಳ್ದೆ."

ಆರ್ಡಿಸ್ ಕೈಗವಸು ಸರಿಮಾಡಿಕೊಂಡರು. "ಹೋದ ಚಳಿಗಾಲ ಸೇತುವೆ ಮೇಲೆ ಬಿದ್ದೆ. ಯಾರ್ಗೂ ಹೇಳಿಲ್ಲ. ಸುಮ್ನೆ ಯಾಕೆ ಎಲ್ರಿಗೂ ತೊಂದ್ರೆ."

"ಅದನ್ನ ಬರೀರಿ!"

"ದೂರು ಅನ್ಸಲ್ವಾ?"

"ದೂರೇ ಕಣ್ರೀ ಬೇಕಾಗಿರೋದು!"

ಬರೆದರು. "ಕೊನೇಲಿ ಕ್ಷಮಿಸಿ ಅಂತ ಹಾಕ್ಲಾ?"

"ಬೇಡ."

"ಸಣ್ಣಕ್ಷರದಲ್ಲಿ?"

"ಆರ್ಡಿಸ್!"

೫
ಮುಕ್ತಾಯ (ಅ): ಶಾಖೆ ಉಳಿಯಿತು, ಊರೆಲ್ಲ ಕುಣಿಯಿತು. (ನಮ್ಮೂರವರು ಕುಣಿಯುವುದಿಲ್ಲ.) ಮುಕ್ತಾಯ (ಆ): ಶಾಖೆ ಮುಚ್ಚಿತು. (ಬರೆಯಲು ಕೈ ಬರಲಿಲ್ಲ.) ನಿರ್ದೇಶಕರ ಸಭೆ ಇನ್ನೂ ನಡೆದಿಲ್ಲ. ಏನಾಗಬಹುದು ಎಂದು ರೋಂಡಾಳನ್ನು ಕೇಳಿದರೆ, "ಆಗದೇ ಇರೋದನ್ನ ನಾನು ಫೈಲಿಗೆ ಹಾಕಲ್ಲ," ಎನ್ನುತ್ತಾಳೆ.

ಆಗಿರುವುದು ಇಷ್ಟು. ಇವತ್ತು ಬೆಳಿಗ್ಗೆ ಡೆಲ್ಮರ್ ಬಂದು ಆ ಫೈಲನ್ನು ಕೇಳಿದ. ಅದನ್ನು ಕೇಳಿದ ಮೊದಲ ಮನುಷ್ಯ ಅವನೇ. ನಿಂತಲ್ಲೇ ಆರ್ಡಿಸ್ ಬರೆದದ್ದನ್ನು ಓದಿದ.

"ಪಕ್ಕದ ಮನೇಲೇ ಇದೀನಿ. ಬಿದ್ದೆ ಅಂತ ನಂಗೂ ಒಂದ್ಮಾತು ಹೇಳಿಲ್ವಲ್ಲ!" ಫೈಲು ಮುಚ್ಚಿ ಕೌಂಟರಿನ ಮೇಲಿಟ್ಟ. "ನಾನು ಬರೆದಿದ್ದು ವಾಪಸ್ ಕೊಡು, ರೋಂಡಾ."

"ಕೊಡೋಕಾಗಲ್ಲ. ಸೇರಿದ್ದು ಸೇರ್ತು. ಇನ್ನೊಂದು ಬರೀರಿ."

"ಹಂಗಾದ್ರೆ ಪೆನ್ನು ಕೊಡು. ಜಾಸ್ತಿ ಕಾಗದಾನೂ ಕೊಡು. ಹೊರಗೆ ಕಾರಲ್ಲಿ ಇನ್ನೂ ಮೂವರಿದಾರೆ."

ಅವರು ಇನ್ನೂ ಬರೆಯುತ್ತಿದ್ದಾರೆ. ಏನು ಬರೆದರೆಂದು ನಾನು ಹೇಳುವುದಿಲ್ಲ. ನೀವೇ ಹೋಗಿ ಕೇಳಿ. ಯಾರು ಕೇಳಿದರೂ ತೋರಿಸಬೇಕು.