ಭಾರದ ಗುಂಡಿನ ಸಾಕ್ಷಿ

ಗುರಿಹಾಳೆಯ ಮೇಲೆ ಬಿದ್ದ ಹತ್ತು ತೂತುಗಳಲ್ಲಿ ಒಂದೂ ದುಂಡಗಿರಲಿಲ್ಲ. ಗುಂಡುಗಳು ಮೂತಿ ಮುಂದಾಗಿ ಬಂದಿರಲಿಲ್ಲ. ಅಡ್ಡಡ್ಡ ಮಗುಚಿಕೊಂಡು ಬಂದು ಕಾಗದವನ್ನು ಹರಿದಿದ್ದವು. ಅವನ್ನು ಹಾರಿಸಿದ್ದ ಆರಿನ್ ಟ್ವೇಟ್ ಹಾಳೆಯನ್ನು ಚೌಕಟ್ಟಿನಿಂದ ಬಿಡಿಸಿ, ಮಡಚಿ, ಅಂಗಿಯೊಳಗೆ ಇಟ್ಟುಕೊಂಡ. ಮೊಂಟಾನಾದ ಆ ಬೋಳುಗುಡ್ಡಗಳ ನಡುವೆ ನೋಡುವವರು ಯಾರೂ ಇರಲಿಲ್ಲ, ಆದರೂ ಮರೆಮಾಡಿದ.

ಕೋವಿ ಅವನದಲ್ಲ, ಹೋದ ಚಳಿಗಾಲದಲ್ಲಿ ತೀರಿಕೊಂಡ ಗೆಳೆಯ ಹಾರ್ಲನ್ ಸ್ಕಾರನದು. ಕಾಲು ಅಂಗುಲದ ನಳಿಕೆ, ಮೊಲ ನರಿಗಳಿಗೆಂದು ಅಜ್ಜಂದಿರ ಕಾಲದಲ್ಲಿ ಮಾಡಿದ ಸಣ್ಣ ತೋಟಾ. ಅದಕ್ಕೆ ಒಗ್ಗುವುದು ಎಂಬತ್ತಾರು ಗ್ರೇನ್ ತೂಕದ ಹಗುರ ಗುಂಡು. ಹಾರ್ಲನ್ ಅದೇ ಕೋವಿಯಲ್ಲಿ ನೂರಹದಿನೈದು ಗ್ರೇನಿನ ಉದ್ದ ಗುಂಡುಗಳನ್ನು ತಾನೇ ಸೀಸ ಎರಕಹೊಯ್ದು ತುಂಬಿ, ಇನ್ನೂರು ಗಜದಾಚೆ ಹತ್ತಕ್ಕೆ ಹತ್ತನ್ನೂ ಒಂದು ಬೆಳ್ಳಿ ಡಾಲರಿನ ಅಗಲದೊಳಗೆ ಕೂಡಿಸಿದ್ದ. ಹತ್ತೊಂಬತ್ತು ವರ್ಷಗಳಿಂದ ಊರಿನ ಕೋವಿ ಸಂಘದ ಗೋಡೆಯ ಮೇಲೆ ಆ ಹಾಳೆ ಗಾಜಿನ ಹಿಂದೆ ನಿಂತಿದೆ. ಅದರ ಕೆಳಗೆ ಎರಡು ಸಹಿಗಳಿವೆ: ಹೊಡೆದವನಾಗಿ ಹಾರ್ಲನ್‌ನದು, ಸಾಕ್ಷಿಯಾಗಿ ಆರಿನ್‌ನದು.

ಭಾನುವಾರ ಸಂಘದ ಬಹುಮಾನಕ್ಕೆ ಹಾರ್ಲನ್‌ನ ಹೆಸರಿಡುವ ಸಮಾರಂಭ. ಅವನ ಕೋವಿಯಿಂದ, ಅವನ ಅಚ್ಚಿನಲ್ಲಿ ಹೊಯ್ದ ಭಾರದ ಗುಂಡುಗಳನ್ನೇ ಆರಿನ್ ಎಲ್ಲರೆದುರು ಹತ್ತು ಸಲ ಹಾರಿಸಬೇಕು. ಹಾರ್ಲನ್‌ನ ಹೆಂಡತಿ ವರ್ನಾ ತಾನೇ ಬಂದು ಕೋವಿ ಕೊಟ್ಟು ಹೋಗಿದ್ದಳು. ಇವತ್ತು ಹೊಡೆದದ್ದು ಅದರ ಅಭ್ಯಾಸಕ್ಕೆ.

ಮನೆಗೆ ಬಂದ ಆರಿನ್ ಬಟ್ಟೆ ಬಿಗಿದ ಸಲಾಕೆಯ ಮೇಲೊಂದು ಗೆರೆ ಹಾಕಿ ಅದನ್ನು ನಳಿಕೆಗೆ ತೂರಿಸಿದ. ಒಳಗಿನ ಸುರುಳಿ ಸಾಲುಗಳು ಸಲಾಕೆಯನ್ನು ತಿರುಗಿಸುತ್ತ ಎಳೆದುಕೊಂಡವು. ಗೆರೆ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಸಲಾಕೆ ಹದಿನಾಲ್ಕು ಅಂಗುಲ ಒಳಗೆ ಹೋಗಿತ್ತು. ಗುಂಡು ಉದ್ದವಾದಷ್ಟೂ ಬುಗುರಿಯಂತೆ ಬೇಗ ಬೇಗ ಸುತ್ತಬೇಕು, ಇಲ್ಲವಾದರೆ ಮಗುಚಿಕೊಳ್ಳುತ್ತದೆ. ಈ ಉದ್ದಕ್ಕೆ ಹನ್ನೆರಡು ಅಂಗುಲಕ್ಕೊಂದು ಸುತ್ತಾದರೂ ಬೇಕೇ ಬೇಕು. ಮೇಷ್ಟ್ರಾಗಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿದ ಅವನು ಅದನ್ನು ಮೂರು ಸಲ ಲೆಕ್ಕ ಹಾಕಿದ. ನಳಿಕೆಯನ್ನು ಯಾರಾದರೂ ಬದಲಿಸಿರಬಹುದೆಂದು ಆಸೆಯಿಂದ ಹುಡುಕಿದ. ಕಾರ್ಖಾನೆಯ ಮುದ್ರೆ ಕೋವಿಯ ವರ್ಷದ್ದೇ ಆಗಿತ್ತು. ಈ ಕೋವಿ ಆ ಗುಂಡನ್ನು ನೆಟ್ಟಗೆ ಒಯ್ದಿರಲು ಸಾಧ್ಯವೇ ಇರಲಿಲ್ಲ. ಗೋಡೆಯ ಮೇಲಿದ್ದ ಹತ್ತು ದುಂಡು ತೂತುಗಳು ಹಗುರದ ಗುಂಡಿನವು.

ಹಾರ್ಲನ್ ಸುಳ್ಳು ಹೇಳಿದ್ದ, ಸರಿ. ಸಾಕ್ಷಿ ಏನು ಮಾಡುತ್ತಿದ್ದ? ಹತ್ತೊಂಬತ್ತು ವರ್ಷದ ಹಿಂದಿನ ಆ ಶನಿವಾರ ಸಾಕ್ಷಿ ಬಿಲ್ಲಿಂಗ್ಸ್ ಪಟ್ಟಣದ ಆಸ್ಪತ್ರೆಯಲ್ಲಿ, ಹೆಂಡತಿ ಸಿಗ್ನಿಯ ಹಾಸಿಗೆಯ ಪಕ್ಕ ಕೂತಿದ್ದ. ಸೋಮವಾರ ಹಾರ್ಲನ್ ಹಾಳೆ ಹಿಡಿದು ಅಡುಗೆಮನೆಗೆ ಬಂದು, "ಇದಕ್ಕೊಂದು ಸಹಿ ಹಾಕು ಮಾರಾಯ. ಅಲ್ಲಿ ಗಾಳಿ ಬಿಟ್ರೆ ಯಾರೂ ಇರ್ಲಿಲ್ಲ, ಗಾಳಿಗೆ ಬರೆಯೋಕೆ ಬರಲ್ಲ" ಎಂದಿದ್ದ. ಆರಿನ್ ನಕ್ಕು ಸಹಿ ಹಾಕಿದ್ದ. ಪಕ್ಕದವನ ಉತ್ತರ ನೋಡಿ ಬರೆದ ಮಕ್ಕಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದ ಕೈ ಅದೇ. ಕಾಣದ್ದನ್ನು ಕಂಡೆನೆಂದು ಬರೆದುಕೊಡುವುದಕ್ಕೆ ಸ್ನೇಹವೆಂದು ಹೆಸರಿಟ್ಟುಕೊಂಡಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಮಾರಂಭದ ಹಿಂದಿನ ದಿನ ಅವನು ವರ್ನಾಳ ಮನೆಗೆ ಹೋಗಿ ಉದ್ದ ತೂತುಗಳ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಭಾರದ ಗುಂಡು ಆ ಕೋವಿಗೆ ಒಗ್ಗುವುದೇ ಇಲ್ಲ ಎಂದ. ಅವಳು ಕಾಫಿ ಬಗ್ಗಿಸುತ್ತಲೇ ನೋಡಿದಳು.

"ಅಂದ್ರೆ ಹಾರ್ಲನ್ ಹಗುರದ್ದು ಹಾಕಿದ್ದ" ಎಂದಳು.

"ನಿನಗೆ ಗೊತ್ತಿತ್ತಾ?"

"ಗುಂಡಿನ ವಿಷಯ ನನಗೇನು ಗೊತ್ತು? ಅವನು ನನಗೆ ಗೊತ್ತಿದ್ದ. ಒಂದು ಜಂಬದ ಮಾತಾಡಿದ, ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಅವನೇನು ಬ್ಯಾಂಕ್ ದೋಚಿದ್ನಾ ಆರಿನ್?"

"ಗಿಲ್‌ರಾಯ್‌ನ ಹತ್ತೊಂಬತ್ತು ವರ್ಷ ದೋಚಿದ."

ವರ್ನಾ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು. ಏಮ್ಸ್ ಗಿಲ್‌ರಾಯ್, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಸಂಘದ ಸದಸ್ಯ, ಭಾರದ ಗುಂಡಿನ ಆ ಗುಟ್ಟನ್ನು ಹುಡುಕುತ್ತ ಅಚ್ಚಿನ ಮೇಲೆ ಅಚ್ಚು ಕೊಂಡು, ಸೀಸಕ್ಕೆ ತವರ ಬೆರೆಸುವ ಪ್ರಮಾಣವನ್ನು ನೂರು ಸಲ ಬದಲಿಸಿ, ಪ್ರತಿವರ್ಷ ನಗೆಪಾಟಲಾಗುತ್ತಿದ್ದುದು ಅವಳಿಗೂ ಗೊತ್ತು.

"ಹಾಗಾದ್ರೆ ನಾಳೆ ನೀನೂ ಹಗುರದ್ದೇ ತುಂಬು" ಎಂದಳು ಕೊನೆಗೆ. "ಬೆಂಚಿನ ಮೇಲೆ ಮಾತ್ರ ಭಾರದ್ದು ನಿಲ್ಲಿಸು. ಯಾರು ತೂಗಿ ನೋಡ್ತಾರೆ? ನನಗೆ ಉಳಿದಿರೋದು ಅವನ ಹೆಸರೊಂದೇ. ಅದಕ್ಕೂ ಕಲ್ಲು ಹಾಕ್ಬೇಡ."

ಅವಳು ಹೇಳಿದ್ದು ಸಂಘದ ಪದ್ಧತಿಯನ್ನು. ಹೊಡೆಯುವ ಮುಂಚೆ ಪ್ರತಿಯೊಬ್ಬನೂ ತಾನು ಹೊಯ್ದ ಗುಂಡೊಂದನ್ನು ಎಲ್ಲರಿಗೂ ಕಾಣುವಂತೆ ಬೆಂಚಿನ ಅಂಚಿನಲ್ಲಿ ನಿಲ್ಲಿಸುತ್ತಾನೆ. ತೋಟಾದೊಳಗೂ ಅಂಥದ್ದೇ ಇದೆ ಎಂಬುದು ಅದರರ್ಥ. ಯಾರೂ ಬಿಚ್ಚಿ ಪರೀಕ್ಷಿಸುವುದಿಲ್ಲ. ಪರೀಕ್ಷಿಸುವುದೇ ಅವಮಾನ ಎಂದು ಅವರ ನಂಬಿಕೆ.

ಭಾನುವಾರ ಆರಿನ್‌ನ ಎಡಜೇಬಿನಲ್ಲಿ ಹತ್ತು ಹಗುರದ ತೋಟಾಗಳಿದ್ದವು, ಬಲಜೇಬಿನಲ್ಲಿ ಹತ್ತು ಭಾರದವು. ಆ ವಯಸ್ಸಿನಲ್ಲಿ ಎರಡು ಜೇಬು ತುಂಬಿಕೊಂಡು ಬಂದದ್ದೇ ತನ್ನ ಅಂಜುಬುರುಕುತನಕ್ಕೆ ಪುರಾವೆಯೆಂದು ಅವನಿಗೆ ಗೊತ್ತಿತ್ತು. ವರ್ನಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗಿಲ್‌ರಾಯ್ ಬೆಂಚಿನ ಪಕ್ಕಕ್ಕೇ ಬಂದು ನಿಂತ.

"ಮೇಷ್ಟ್ರೇ, ಇವತ್ತಾದ್ರೂ ಗುಟ್ಟು ಬಿಡಿ. ಸೀಸ ಕರಗಿಸಿ ಕರಗಿಸಿ ನನ್ನ ಹೆಂಡ್ತಿ ಪಾತ್ರೆಗಳೆಲ್ಲ ಹಾಳಾದ್ವು. ಈಗವಳು ಸಾರು ಮಾಡಿದ್ರೂ ನಾನು ಮೊದ್ಲು ತೂಗಿ ನೋಡ್ತೀನಿ."

ಸುತ್ತಲಿದ್ದವರು ನಕ್ಕರು. ಆರಿನ್ ಭಾರದ ಗುಂಡೊಂದನ್ನು ಬೆಂಚಿನ ಅಂಚಿನಲ್ಲಿ ನಿಲ್ಲಿಸಿದ. ಎಡಗೈ ಎಡಜೇಬಿಗೆ ಇಳಿದು, ಅಲ್ಲೇ ಒಂದು ಗಳಿಗೆ ನಿಂತು, ಬರಿದಾಗಿ ಹೊರಗೆ ಬಂತು. ಬಲಜೇಬಿನ ಹತ್ತನ್ನು ಅವನು ಒಂದೊಂದಾಗಿ ಹಾರಿಸಿದ.

ಹಾಳೆ ತರಲು ಹೋದವನು ಗಿಲ್‌ರಾಯ್. ಹಿಂತಿರುಗುವಾಗ ಅವನ ನಡಿಗೆ ನಿಧಾನವಾಗಿತ್ತು. ಐದು ಗುಂಡುಗಳು ಹಾಳೆಯನ್ನೇ ಮುಟ್ಟಿರಲಿಲ್ಲ. ಉಳಿದ ಐದು ಕಾಗದವನ್ನು ಉದ್ದುದ್ದ ಸೀಳಿದ್ದವು. ಅವನು ಒಂದು ಸೀಳಿನಲ್ಲಿ ಬೆರಳಿಟ್ಟ.

"ಇದು ಗಾಳಿ ಮಾಡಿದ್ದಲ್ಲ" ಎಂದ.

"ಅಲ್ಲ. ಈ ನಳಿಕೆಯಿಂದ ಆ ಗುಂಡು ನೆಟ್ಟಗೆ ಹೋಗೋದೇ ಇಲ್ಲ. ಅವತ್ತೂ ಹೋಗಿಲ್ಲ." ಆರಿನ್ ಎಲ್ಲರಿಗೂ ಕೇಳುವಂತೆ ಹೇಳಿದ: "ಅವತ್ತು ನಾನು ಇಲ್ಲಿರಲಿಲ್ಲ. ನೋಡದೇ ಸಹಿ ಹಾಕಿದೆ."

ವರ್ನಾ ಎದ್ದು ಬಂದು ಬೆಂಚಿನ ಮೇಲಿದ್ದ ಕೋವಿಯನ್ನು ಎತ್ತಿಕೊಂಡಳು. ಅವನ ಮುಖ ನೋಡದೆ ತನ್ನ ಗಾಡಿಯ ಕಡೆ ನಡೆದಳು. ಯಾರೂ ಅವಳನ್ನು ತಡೆಯಲಿಲ್ಲ.

ಗಿಲ್‌ರಾಯ್ ಗೆದ್ದವನಂತೆ ಕಾಣಲಿಲ್ಲ. "ಹತ್ತೊಂಬತ್ತು ವರ್ಷ ಈ ಕೈಗಳನ್ನೇ ಬೈಕೊಂಡೆ" ಎಂದು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಹಾರ್ಲನ್‌ದು ಇಳಿದ ಮೇಲೆ ಸಂಘದಲ್ಲಿ ಎಲ್ಲಕ್ಕಿಂತ ಒಳ್ಳೆ ಹಾಳೆ ನಿನ್ನದೇ ಏಮ್ಸ್. ಆಮೇಲಿನ ವರ್ಷ ನೀನು ಹಗುರದ ಗುಂಡಲ್ಲಿ ಹೊಡೆದದ್ದು. ಅದೇ ಗೋಡೆಗೆ ಹೋಗಬೇಕು."

"ಅದಕ್ಕೆ ಸಾಕ್ಷಿ ಯಾರು ಅಂತ ನೆನಪಿದೆಯಾ ಮೇಷ್ಟ್ರೇ?"

ಆರಿನ್‌ಗೆ ನೆನಪಿತ್ತು. ಆ ದಿನ ಅವನು ಇದೇ ಬೆಂಚಿನ ಹಿಂದೆ ನಿಂತು ಹತ್ತು ಗುಂಡುಗಳನ್ನೂ ಎಣಿಸಿ ಸಹಿ ಹಾಕಿದ್ದ.

"ಅದನ್ನ ನಾನು ಕಣ್ಣಾರೆ ನೋಡಿದ್ದೀನಿ" ಎಂದ.

"ನೋಡಿದ್ರಿ. ನನಗೆ ಗೊತ್ತು." ಗಿಲ್‌ರಾಯ್ ಸುತ್ತ ನಿಂತ ಮುಖಗಳನ್ನು ಒಮ್ಮೆ ನೋಡಿದ. "ಇನ್ನು ನಿಮ್ಮ ಸಹಿ ನಂಬಿ ಅಂತ ಇವರಿಗೆ ಯಾರು ಹೇಳ್ತಾರೆ?"

ಬೆಂಚಿನ ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ ಭಾರದ ಗುಂಡನ್ನು ಗಿಲ್‌ರಾಯ್ ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಮೊದಲಿದ್ದಲ್ಲೇ ನಿಲ್ಲಿಸಿ ಹೋದ.