ನೇರ ಗೆರೆ

"ಸ್ಟೀರಿಂಗ್ ಯಾರಾದ್ರೂ ಹಿಡ್ಕೊಳ್ಳಿ, ಇಲ್ಲಾಂದ್ರೆ ಹೋಗಿ ಗೋಡೆಗೆ ಗುದ್ದುತ್ತೆ" ಎಂದು ಕಾರು ತಳ್ಳಲು ನಿಂತ ಮೈದುನ ಹಿಂದಿನಿಂದ ಕೂಗಿದಾಗ, ಯಾರೂ ಕರೆಯದಿದ್ದರೂ ಅವಳೇ ಎದ್ದು ಬಂದು ಕಾರಿನೊಳಗೆ ಕೂತಳು. ಗಂಡನ ಹೆಣ ಶೆಡ್ಡಿನ ಹಿಂದಿನ ಕೋಣೆಯಲ್ಲಿತ್ತು. ಅದನ್ನು ಒಯ್ಯುವ ವ್ಯಾನು ಒಳಗೆ ಬರಬೇಕಾದರೆ ಈ ಕಾರು ಹೊರಗೆ ಹೋಗಲೇಬೇಕು.

"ನೀವ್ಯಾಕೆ ಅತ್ತಿಗೆ? ಇಳೀರಿ."

"ನೀನು ತಳ್ಳಪ್ಪ. ಈ ಸೀಟಲ್ಲಿ ಕೂತೇ ನನ್ನ ಅರ್ಧ ಆಯಸ್ಸು ಕಳೆದಿದೆ."

ಅದು ಸುಳ್ಳೇನಲ್ಲ. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದ ಗಂಡನ ಗ್ಯಾರೇಜಿಗೆ ಬರುವ ಕಾರುಗಳು ಬದಲಾಗುತ್ತಿದ್ದವು, ಕೂರುವವಳು ಮಾತ್ರ ಅವಳೊಬ್ಬಳೇ. ಈ ಕಾರು ಒಬ್ಬ ಟ್ಯಾಕ್ಸಿಯವನದು. ಏರು ಕಂಡರೆ ಸಾಕು, ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತಿತ್ತು. ಟರ್ಬೊ ಇಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ನೂಕುತ್ತಿದೆ ಎಂದು ತಿಳಿಸುವ ಸೆನ್ಸರನ್ನು ಬೇರೆ ಗ್ಯಾರೇಜಿನವರು ಎರಡು ಸಲ ಬದಲಿಸಿ ಕೈತೊಳೆದುಕೊಂಡಿದ್ದರು. "ಸೆನ್ಸರಿಗೇನೂ ಆಗಿಲ್ಲ. ವೈರು ಒಳಗೊಳಗೇ ಎಲ್ಲೋ ತುಂಡಾಗಿದೆ, ಹುಡುಕ್ಬೇಕು ಅಷ್ಟೇ" ಎಂದಿದ್ದ ಮೇಸ್ತ್ರಿ.

ಪಕ್ಕದ ಅಂಗಡಿಯ ದರ್ಜಿ ಕಿಟಕಿಯ ಬಳಿ ಬಗ್ಗಿದ. "ಪುಣ್ಯವಂತ ಕಣಮ್ಮ. ನರಳಲಿಲ್ಲ, ಹಾಸಿಗೆ ಹಿಡೀಲಿಲ್ಲ. ಕೆಲಸ ಮಾಡ್ತಾ ಮಾಡ್ತಾನೇ ಹೋದ. ನೀನೂ ಹತ್ರಾನೇ ಇದ್ದೆ."

"ಇದ್ದೆ" ಎಂದಳು.

ಬೆಳಗಿನಿಂದ ಬಂದವರೆಲ್ಲ ಇದೇ ಮಾತು ಆಡುತ್ತಿದ್ದರು. ನಿನ್ನೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಅಂದದ್ದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

*

ನಿನ್ನೆ ಮಧ್ಯಾಹ್ನ ಇದೇ ಕಾರಿನ ಬಾನೆಟ್ಟು ತೆರೆದಿತ್ತು; ಇಂಜಿನ್ ಓಡುತ್ತಿರಲಿಲ್ಲ, ಕೀ ಮಾತ್ರ ಆನ್ ಇತ್ತು. ಅದರ ಆಚೆ ಮೇಸ್ತ್ರಿ. ಈಚೆ ಸೀಟಿನಲ್ಲಿ, ಸೆನ್ಸರು ಕಳಿಸುವುದನ್ನು ಗೆರೆಯಾಗಿ ತೋರಿಸುವ ಸ್ಕ್ಯಾನರನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು. ಒಬ್ಬರ ಮುಖ ಒಬ್ಬರಿಗೆ ಕಾಣದು. ಅವನು ವೈರನ್ನು ಇಷ್ಟಿಷ್ಟೇ ಅಲುಗಿಸುತ್ತ ಹೋಗಬೇಕು, ಅವಳು ಪರದೆಯ ಮೇಲಿನ ಗೆರೆ ನೋಡಿ ಹೇಳಬೇಕು. ಗೆರೆ ನೇರ ಇದ್ದರೆ "ಇದೆ", ಕುಸಿದರೆ "ಬಿತ್ತು". ಎಲ್ಲಿ ಅಲುಗಿಸಿದಾಗ ಬೀಳುತ್ತದೋ ಅಲ್ಲೇ ವೈರು ತುಂಡಾಗಿದೆ ಎಂದು ಲೆಕ್ಕ. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಲು ಉಕ್ಕೀತೆಂದು ಅವಳು ನಡುವೆ ಇಳಿದು ಓಡಿದ್ದಳು. ಇಡೀ ದಿನದ ಕೆಲಸ ನೀರುಪಾಲಾಯಿತು. ಅಂದಿನಿಂದ ಅವನದು ಕಟ್ಟಪ್ಪಣೆ: ನಾನು ಹೇಳೋ ತನಕ ಕಣ್ಣು ತೆಗೀಬೇಡ, ಇಳೀಬೇಡ.

"ಇದೆ."

"ಹೂಂ."

"ಇದೆ. ಊಟ ಆರಿ ಹೋಗ್ತಿದೆ."

"ಆರಲಿ. ಆಮೇಲೆ ಬಿಸಿ ಮಾಡಿದ್ರಾಯ್ತು."

"ಬಿತ್ತು."

"ಅಲ್ಲೇ. ನೋಡ್ತಿರು."

ಆಮೇಲೆ ಗೆರೆ ಬೀಳಲಿಲ್ಲ. "ಇದೆ" ಎಂದಳು. ಆಚೆಯಿಂದ ಹೂಂ ಬರಲಿಲ್ಲ. ಹುಡುಕಿದ್ದು ಕೈಗೆ ಸಿಕ್ಕಾಗ ಮಾತು ನಿಲ್ಲಿಸುವುದು ಅವನ ಹಳೆಯ ಚಾಳಿ. "ಏನು, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದು ರೇಗಿಸಿದಳು. ಟೇಪು ಸುತ್ತುತ್ತಿರಬೇಕು ಅಂದುಕೊಂಡಳು. ಗೆರೆ ಅಷ್ಟು ನೇರ ನಿಂತದ್ದು ಕಂಡು ಅವಳಿಗೆ ಖುಷಿಯೇ ಆಗಿತ್ತು. ಇದೆ, ಇದೆ ಎನ್ನುತ್ತಲೇ ಇದ್ದಳು. ಅಲುಗಿಸುವ ಕೈ ನಿಂತುಹೋದರೂ ಗೆರೆ ಹೀಗೇ ನೇರ ನಿಲ್ಲುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕೊನೆಗೆ ಕೀ ಆಫ್ ಮಾಡಿ ಇಳಿದು ನೋಡಿದರೆ, ಮೇಸ್ತ್ರಿ ಇಂಜಿನ್ನಿನ ಮೇಲೆ ಕೆನ್ನೆಯಿಟ್ಟು ಒರಗಿದ್ದ. ಬೆರಳುಗಳ ನಡುವೆ ವೈರು ಹಾಗೇ ಇತ್ತು.

*

ಕಾರು ಬೀದಿಯ ಬದಿಗೆ ಬಂದು ನಿಂತಿತು. ತಳ್ಳಿದವರು ಕೈ ಒರೆಸಿಕೊಂಡು ಒಳಗೆ ಹೋದರು. ಮೈದುನ ಮಾತ್ರ ಬಾಗಿಲ ಬಳಿ ಉಳಿದ. ನಿನ್ನೆಯಿಂದ ಪಕ್ಕದ ಸೀಟಿನಲ್ಲೇ ಬಿದ್ದಿದ್ದ ಸ್ಕ್ಯಾನರನ್ನು ಅವಳು ಕಿಟಕಿಯಿಂದ ಅವನತ್ತ ಚಾಚಿದಳು.

"ನಿನ್ನೆಯ ಗೆರೆ ಇದರಲ್ಲಿ ಉಳ್ಕೊಂಡಿರುತ್ತಲ್ವಾ? ನಿಮ್ಮಣ್ಣ ಹಿಂದಕ್ಕೆ ಸರಿಸಿ ನೋಡ್ತಿದ್ರು."

"ಈಗ ಅದೆಲ್ಲ ಯಾಕೆ ಅತ್ತಿಗೆ?"

"ಕೊನೇ ಸಲ ಗೆರೆ ಬಿತ್ತಲ್ಲ, ಅಲ್ಲಿಂದ ನಾನು ಕೀ ಆಫ್ ಮಾಡೋವರೆಗೆ ಎಷ್ಟು ಹೊತ್ತಾಗಿದೆ ನೋಡಿ ಹೇಳು. ನಂಗೆ ಆ ಲೆಕ್ಕ ಬರಲ್ಲ."

ಅವನು ಕೈ ಚಾಚಲಿಲ್ಲ.

"ಇನ್ನೊಂದು ಐದು ನಿಮಿಷ ಮುಂಚೆ ಗೊತ್ತಾಗಿದ್ರೆ ಎದೆ ಒತ್ತಿಯಾದ್ರೂ ಉಳಿಸ್ಕೋಬಹುದಿತ್ತು ಅಂದ್ರು ಡಾಕ್ಟರು" ಎಂದಳು. "ನಾನು ಅಲ್ಲಿ ಖುಷಿಯಾಗಿ ಕೂತಿದ್ದೆ ಕಣೋ. ಎಷ್ಟು ಹೊತ್ತು ಕೂತಿದ್ದೆ ಅಂತ ಗೊತ್ತಾಗ್ಲಿ. ಇಲ್ಲಾಂದ್ರೆ ನಾನು ಬದುಕೋದು ಹೇಗೆ?"

ಅವನು ಸ್ಕ್ಯಾನರ್ ತೆಗೆದುಕೊಂಡ. ಅವಳಿಗೆ ಕಾಣದಿರಲೆಂದು ಹಿಂದಿನ ಬಾಗಿಲಿನತ್ತ ಸರಿದು ನಿಂತ. ಬೀದಿಯ ತುದಿಯಿಂದ ಯಾರೋ "ವ್ಯಾನ್ ಬಂತು" ಎಂದರು. ಪಕ್ಕದ ಕನ್ನಡಿಯಲ್ಲಿ ಅವಳಿಗೆ ಅವನ ಕೈಗಳಷ್ಟೇ ಕಾಣುತ್ತಿದ್ದವು. ಹೆಬ್ಬೆರಳು ಪರದೆಯನ್ನು ಒಮ್ಮೆ ಸರಿಸಿತು. ಮತ್ತೆ ಸರಿಸಿತು.

"ಅರ್ಧ ನಿಮಿಷಾನೂ ಇಲ್ಲ ಅತ್ತಿಗೆ" ಎಂದ. "ನೀವು ತಕ್ಷಣಾನೇ ಇಳಿದಿದ್ದೀರಿ."

"ಸರಿ" ಎಂದಳು.

ಕನ್ನಡಿಯೊಳಗೆ ಅವನ ಹೆಬ್ಬೆರಳು ಪರದೆಯನ್ನು ಇನ್ನೂ ಸರಿಸುತ್ತಲೇ ಇತ್ತು.