ಮನೆ ನೋಡಿ ಬಂದವರು

ಮಾಲತಿಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಹೊನ್ನಾವರದ ಆ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಪಾಠ ಮಾಡುತ್ತಿದ್ದ ಅವಳನ್ನು ಎಲ್ಲರೂ ಸಮಾಧಾನದ ಹೆಂಗಸು ಎಂದು ಹೊಗಳುತ್ತಿದ್ದದ್ದು ಈ ಒಂದೇ ಕಾರಣಕ್ಕೆ. ಆವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತು ಆ ಪತ್ರ ಓದಿ ಮುಗಿಸಿದಾಗಲೂ ಒಂದಕ್ಷರ ಹೊರಡಲಿಲ್ಲ. ಪ್ರಿನ್ಸಿಪಾಲ ವೆಂಕಟ್ರಮಣ ಅದನ್ನು ಒಪ್ಪಿಗೆ ಎಂದೇ ತಿಳಿದು ಚಹಾ ತರಿಸಿದರು.

ಪತ್ರದಲ್ಲಿ ಇದ್ದದ್ದು ಇಷ್ಟು. ಕಾಲೇಜಿನ ಮೀನು ಸಂಸ್ಕರಣೆ ವಿಭಾಗದಿಂದ ಐದು ಮಕ್ಕಳು ಒಂದು ವರ್ಷದ ಓದಿಗೆಂದು ಯುರೋಪಿನ ಸಣ್ಣದೊಂದು ದೇಶಕ್ಕೆ ಹೋಗಿದ್ದರು. ಇಂಥ ಓದನ್ನು ಏರ್ಪಡಿಸುವ ಸಂಘವೊಂದು, ಮಕ್ಕಳನ್ನು ಕಳಿಸಿದ ಕಾಲೇಜಿನ ಸಲಹೆಗಾರರಿಗೆ ಅಲ್ಲಿಗೆ ಹೋಗಿಬರಲು ಪ್ರಯಾಣದ ಅನುದಾನ ಕೊಡುತ್ತಿತ್ತು. ಹೋಗಬೇಕು, ಮಕ್ಕಳು ಇರುವ ಜಾಗ ನೋಡಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಕಾಲೇಜಿನ ಸಲಹೆಗಾರ್ತಿ ಮಾಲತಿ. ಮೂರು ವಾರ ಕೂತು ಅರ್ಜಿ ಬರೆದವಳೂ ಅವಳೇ. ಅನುದಾನ ಮಂಜೂರಾಗಿತ್ತು, ವೆಂಕಟ್ರಮಣರ ಹೆಸರಿಗೆ.

“ಅರ್ಜಿ ನಾನು ಬರೆದದ್ದು, ಸರ್,” ಎಂದಳು ಕೊನೆಗೆ.

“ನೀವೇ ಬರೆದದ್ದು. ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಪರದೇಶಕ್ಕೆ ಹೋಗುವಾಗ ಸಂಸ್ಥೆಯ ಮುಖ ಅಂತ ಒಂದು ಬೇಕಲ್ಲ. ನೀವು ಸಲಹೆಗಾರ್ತಿ, ನಾನು ಮುಖ್ಯ ಸಲಹೆಗಾರ.”

ಮುಖ್ಯ ಸಲಹೆಗಾರ ಎನ್ನುವ ಪ್ರಾಣಿ ಹಿಂದಿನ ದಿನ ಸಂಜೆಯ ತನಕ ಆ ಕಾಲೇಜಿನಲ್ಲಿ ಹುಟ್ಟಿರಲಿಲ್ಲ. ಐದು ಮಕ್ಕಳ ಹೆಸರನ್ನಾದರೂ ಅವರು ಸರಿಯಾಗಿ ಹೇಳಿದ್ದರೆ ಮಾಲತಿ ಸಹಿಸಿಕೊಳ್ಳುತ್ತಿದ್ದಳೇನೋ. ಚಹಾ ಮುಟ್ಟದೆ ಎದ್ದು ಬಂದಳು.

ಅವಳ ಸಂಕಟ ಪರದೇಶ ತಪ್ಪಿತು ಎನ್ನುವುದಲ್ಲ. ಬಾಡ ಎಂಬ ಊರಿನ ದುರ್ಗಿಗೆ ಅವಳು ಮಾತು ಕೊಟ್ಟಿದ್ದಳು.

ದುರ್ಗಿ ಕುಮಟೆಯ ಪೇಟೆಯಲ್ಲಿ ಮೀನು ಮಾರುವವಳು. ಅವಳ ಮಗಳು ಪವಿತ್ರಾ ಆ ಐವರಲ್ಲಿ ಒಬ್ಬಳು. ಕಳೆದ ಜೂನಿನಲ್ಲಿ ಒಪ್ಪಿಗೆಯ ಸಹಿಗೆಂದು ಮಾಲತಿ ಬಾಡಕ್ಕೆ ಹೋದಾಗ ದುರ್ಗಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಬಡಿಸಿ, ಅವಳು ಉಂಡು ಕೈ ತೊಳೆದ ಮೇಲೆ ಕೇಳಿದ್ದಳು.

“ಅಕ್ಕೋರೆ, ಮನೆ ನೋಡೂಕೆ ಯಾರು ಹೋಗ್ತ್ರು?”

“ಎಂತ ಮನೆ, ದುರ್ಗಕ್ಕಾ?”

“ಹೆಣ್ಣು ಕಳ್ಸೂ ಮನೆ.”

ಅವರ ಕೇರಿಯಲ್ಲಿ ಹೆಣ್ಣು ಕೊಡುವ ಮೊದಲು ಹಿರಿಯರಿಬ್ಬರು ಗಂಡಿನ ಮನೆ ನೋಡಲು ಹೋಗಬೇಕು. ಜಗಲಿಯಲ್ಲಿ ಕೂತು ಎದ್ದು ಬರುವುದಲ್ಲ. ಹಿಂದುಗಡೆ ಹೋಗಿ ಬಾವಿ ನೋಡಬೇಕು, ಒಳಗೆ ಹೋಗಿ ಒಲೆ ನೋಡಬೇಕು, ಹೆಣ್ಣು ಮಲಗುವ ಜಾಗ ಯಾವುದೆಂದು ಕೇಳಿ ಅದನ್ನೂ ನೋಡಬೇಕು. ಮುಖ್ಯವಾಗಿ, ಅಲ್ಲಿ ಉಣ್ಣಬಾರದು. ನೀರು ಕುಡಿಯಬಹುದು, ಅದೂ ಅವರ ಬಾವಿಯ ನೀರು ಸಿಹಿಯೋ ಸವಳೋ ತಿಳಿಯಲಿಕ್ಕೆ. ಊಟ ಏನಿದ್ದರೂ ಮಾತು ಕೊಟ್ಟ ಮೇಲೆ.

“ನಮ್ಮಕ್ಕ ನಾಗು ಅಂತಿತ್ತು,” ಎಂದಳು ದುರ್ಗಿ. “ಅದರ ಮನೆ ನೋಡೂಕೆ ಹೋದ ನಮ್ಮ ಚಿಕ್ಕಪ್ಪ ಕೋಳಿ ಸಾರು ಉಂಡ್ಕಂಡು ಬಂದ. ಉಂಡ ಬಾಯಿ ಎಂತ ಹೇಳ್ತದೆ? ಚೊಲೋ ಮನೆ ಅಂದ್ತು. ಅಕ್ಕ ಆರು ತಿಂಗ್ಳಿಗೆ ತಿರುಗಿ ಬಂತು, ಬೆನ್ನ ಮೇಲೆ ಬರೆ ಇತ್ತು.”

ಮಾಲತಿ ನಕ್ಕಿದ್ದಳು. ಇದು ಮದುವೆಯಲ್ಲ, ಓದು ಎಂದಳು. ಅದಕ್ಕೂ ವ್ಯವಸ್ಥೆ ಇದೆ, ಹೋಗಿ ನೋಡುವುದಕ್ಕೆಂದೇ ಅನುದಾನ ಕೊಡುತ್ತಾರೆ, ನಾನೇ ಹೋಗಿ ನೋಡಿ ಬಂದು ಇದೇ ಜಗಲಿಯಲ್ಲಿ ಕೂತು ಹೇಳುತ್ತೇನೆ ಎಂದಳು. ಮಾತಿನ ಭರದಲ್ಲಿ ಇನ್ನೊಂದನ್ನೂ ಹೇಳಿದಳು. ಆ ಓದಿನ ಜನ ಬೆಂಗಳೂರಿನಲ್ಲಿ ಸಭೆ ಕರೆದಿದ್ದರು, ನಾನೂ ಹೋಗಿದ್ದೆ, ದೊಡ್ಡ ಹೋಟೆಲು, ಭರ್ಜರಿ ಊಟ, ಬಹಳ ಮರ್ಯಾದೆಯ ಜನ ಎಂದು. ದುರ್ಗಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸಹಿ ಹಾಕಿದಳು.

ಪವಿತ್ರಾ ಹೋದ ಹೊಸದರಲ್ಲಿ ಫೋನಿನಲ್ಲಿ ಬರೇ “ಅಡ್ಡಿಲ್ಲ ಮೇಡಂ” ಎನ್ನುತ್ತಿದ್ದಳು. ನವೆಂಬರಿನಲ್ಲಿ ಒಂದು ಫೋಟೋ ಕಳಿಸಿದಳು. ಎರಡು ಅಂಗೈ, ಬೆರಳ ಸಂದಿಯಲ್ಲೆಲ್ಲ ಬಿರುಕು, ಉಗುರಿನ ಸುತ್ತ ಕಪ್ಪು. ಕೆಳಗೆ ಬರೆದಿದ್ದಳು: ವಾರಕ್ಕೆ ಒಂದು ದಿನ ಪಾಠ, ಐದು ದಿನ ಮೀನಿನ ಕಾರ್ಖಾನೆ, ಅದಕ್ಕೇ ಪ್ರಾಕ್ಟಿಕಲ್ ಅಂತಾರೆ. ಒಂದು ರೂಮಿನಲ್ಲಿ ಏಳು ಜನ. ಪಾಸ್‌ಪೋರ್ಟ್ ಆಫೀಸಿನಲ್ಲಿ ಇಟ್ಟುಕೊಂಡಿದ್ದಾರೆ. ಅವ್ವಿಗೆ ಹೇಳಬೇಡಿ ಮೇಡಂ.

ಮೀನು ಕೊಯ್ಯುವ ಬದುಕು ಮಗಳಿಗೆ ಬೇಡವೆಂದು ತಾನು ಮೀನು ಕೊಯ್ದು ಓದಿಸಿದವಳು ದುರ್ಗಿ. ಮಗಳು ಸಮುದ್ರ ದಾಟಿ ಹೋಗಿ ಕೂತದ್ದು ಮತ್ತೆ ಮೀನಿನ ಮುಂದೆಯೇ. ಮಾಲತಿ ಹೇಳಲಿಲ್ಲ. ಅಲ್ಲಿ ಓದಿಸುವ ಸಂಸ್ಥೆಗೆ ಎರಡು ಪತ್ರ ಬರೆದಳು. ‘ನಿಮ್ಮ ಕಾಲೇಜಿನ ಭೇಟಿ ಜನವರಿಯಲ್ಲಿದೆ, ಆಗ ನೋಡಬಹುದು’ ಎಂದು ಉತ್ತರ ಬಂತು. ಜನವರಿಗೆ ಹೋಗಿ ಎಲ್ಲ ಸರಿಮಾಡಿ ಬಂದ ಮೇಲೆಯೇ ಹೇಳಿದರಾಯಿತು ಎಂದುಕೊಂಡಳು. ಈಗ ಹೋಗುವವರು ವೆಂಕಟ್ರಮಣ.

ಅವಳು ಆ ಫೋಟೋವನ್ನು ಅವರಿಗೆ ತೋರಿಸಿದಳು. “ಸರ್, ಎಂಥದೂ ಬೇಡ. ಆ ರೂಮಿಗೆ ಹೋಗಿ. ಈ ಹುಡುಗಿಯನ್ನು ಒಬ್ಬಳನ್ನೇ ಕರೆದು ಮಾತಾಡಿಸಿ.”

“ಆಯ್ತು, ನೋಡೋಣ ಬಿಡಿ,” ಎಂದರು ಅವರು, ಫೋಟೋ ಕಡೆ ಕಣ್ಣು ಹಾಯಿಸಿ.

ಎಂಟು ದಿನ ಅವರು ಹೋಗಿದ್ದರು. ಎಂಟು ದಿನವೂ ಕಾಲೇಜಿನ ವಾಟ್ಸಾಪ್ ಗುಂಪಿಗೆ ಚಿತ್ರಗಳು ಬಂದವು. ಉಣ್ಣೆಯ ಟೋಪಿಯಲ್ಲಿ ಪ್ರಿನ್ಸಿಪಾಲರು, ಇಗರ್ಜಿಯ ಮುಂದೆ ಪ್ರಿನ್ಸಿಪಾಲರು, ಹಿಮದಲ್ಲಿ ಪ್ರಿನ್ಸಿಪಾಲರು. ಕೆಳಗೆಲ್ಲ ಸಹೋದ್ಯೋಗಿಗಳ ಕೈ ಮುಗಿದ ಗುರುತು. ಬಂದ ಮೇಲೆ ಎಲ್ಲರಿಗೂ ಚಾಕಲೇಟು ಹಂಚಿ, ನಾಲ್ಕು ಪುಟದ ವರದಿಯನ್ನು ಮಾಲತಿಯ ಮೇಜಿನ ಮೇಲಿಟ್ಟರು. ವಸತಿ ಉತ್ತಮ, ತರಬೇತಿ ಉತ್ತಮ, ವಿದ್ಯಾರ್ಥಿಗಳು ಸಂತುಷ್ಟರು. ಕೊನೆಗೆ ಸಲಹೆಗಾರ್ತಿಯ ಸಹಿಗೆ ಜಾಗ.

“ರೂಮು ನೋಡಿದಿರಾ ಸರ್?”

“ಎಲ್ಲಿಯ ರೂಮು ಮೇಡಂ. ಹೊರಗೆ ಕಾಲಿಡೋ ಹಾಗಿಲ್ಲ, ಅಂಥ ಚಳಿ. ನಮ್ಮ ಮಕ್ಕಳನ್ನೆಲ್ಲ ಅವರೇ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆಸಿದ್ದರು. ಡೈರೆಕ್ಟರೂ ಜೊತೆಗೇ ಕೂತಿದ್ದರು, ಏನೂ ಭೇದ ಇಲ್ಲ. ನಿಮ್ಮ ಬಾಡದ ಹುಡುಗಿ ಮಾತ್ರ ಮಜಾ. ಊಟ ಮುಗಿಯೋ ತನಕ ಕೈಗವಸು ಬಿಚ್ಚಲೇ ಇಲ್ಲ. ಪಾಪ, ಚಳಿ.”

ಹೇಳಿ ನಕ್ಕರು. ಕೈಗವಸು ಹಾಕಿಕೊಂಡು ಉಂಡ ಹುಡುಗಿಯ ಎದುರಿಗೇ ಕೂತು ತಾವೂ ಉಂಡು ಬಂದಿದ್ದರು. ಮಾಲತಿಗೆ ಆ ಮೇಜನ್ನು ಎತ್ತಿ ಅವರ ಮೇಲೆ ಹಾಕಬೇಕೆನಿಸಿತು. ಬಾಯಿ ಮಾತ್ರ ಎಂದಿನಂತೆ ಕಟ್ಟಿತು. ಪೆನ್ನಿನ ಮುಚ್ಚಳ ಹಾಕಿಟ್ಟಳು.

“ಸಹಿ?” ಎಂದರು ಅವರು.

“ಓದಿ ಹಾಕುತ್ತೇನೆ.”

“ಭಾನುವಾರ ಭಟ್ಕಳದ ಸಭೆಗೆ ಮೊದಲು ಆಗಬೇಕು. ಹನ್ನೊಂದು ಮಕ್ಕಳು ಕಾಯುತ್ತಿದ್ದಾರೆ.”

ಭಟ್ಕಳದ ಸಭೆ ಮುಂದಿನ ತಂಡದ ತಂದೆತಾಯಿಯರದು. ಅಲ್ಲಿ ವರದಿ ಓದುವುದು, ಚಿತ್ರ ತೋರಿಸುವುದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು. ಮೊದಲ ತಂಡದ ಪರವಾಗಿ ಎರಡು ಒಳ್ಳೆಯ ಮಾತಾಡಲು ದುರ್ಗಿಯನ್ನು ಕರೆಸಿದ್ದರು. ಬಾಡದ ತನಕ ಕಾರು ಕಳಿಸಿದ್ದರು.

ಮಾಲತಿ ಬಸ್ಸಿನಲ್ಲಿ ಹೋದಳು. ಮಂಕಿ ದಾಟಿತು, ಮುರ್ಡೇಶ್ವರದ ಕ್ರಾಸು ದಾಟಿತು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲಿ ವೆಂಕಟ್ರಮಣರನ್ನು ಬೈದಳು. ಎಂಟು ದಿನದಲ್ಲಿ ಅರ್ಧ ಗಂಟೆ ಸಿಗಲಿಲ್ಲವೇ ನಿಮಗೆ ಎಂದಳು. ಬಾಯಿಲ್ಲದ ನನ್ನಂಥವಳನ್ನು ಮುಂದಿಟ್ಟುಕೊಂಡು ಎಷ್ಟು ಮಕ್ಕಳನ್ನು ಹೀಗೆ ಸಾಗಿಸುತ್ತೀರಿ ಎಂದಳು. ಬಸ್ಸಿಳಿಯುವ ಹೊತ್ತಿಗೂ ಒಂದು ಮಾತೂ ಹೊರಗೆ ಬಿದ್ದಿರಲಿಲ್ಲ.

ಹಾಲ್ ತುಂಬಿತ್ತು. ಬುರ್ಖಾ ತೊಟ್ಟ ನವಾಯತ ತಾಯಂದಿರು, ಬಂದರಿನ ಮೀನುಗಾರರು, ಶಿರಾಲಿಯ ಕಡೆಯ ರೈತರು. ಪ್ರಿನ್ಸಿಪಾಲರು ಪರದೆಯ ಮೇಲೆ ಇಗರ್ಜಿ ತೋರಿಸಿದರು, ಹಿಮ ತೋರಿಸಿದರು, ಊಟದ ಮೇಜು ತೋರಿಸಿದರು. ಮೇಜಿನ ತುದಿಯಲ್ಲಿ ಪವಿತ್ರಾ ಕೂತಿದ್ದಳು, ಕೈ ಕೆಳಗಿಟ್ಟು. ಆಮೇಲೆ ದುರ್ಗಿಗೆ ಮೈಕು ಕೊಟ್ಟರು.

ದುರ್ಗಿ ಮೈಕು ಹಿಡಿದು ಜನರ ಕಡೆ ತಿರುಗಲಿಲ್ಲ. ಪ್ರಿನ್ಸಿಪಾಲರ ಕಡೆ ತಿರುಗಿದಳು.

“ಮಾಸ್ತರೆ, ನೀವು ಮನೆ ನೋಡೂಕೆ ಹೋದವ್ರು ಅಲ್ದಾ? ಅಲ್ಲಿ ಒಲೆ ಎಲ್ಲಿ ಅದೆ?”

“ಒಲೆ ಅಂದರೆ... ಅಡುಗೆ ವ್ಯವಸ್ಥೆ ಎಲ್ಲ ಚೆನ್ನಾಗಿದೆ ಅಮ್ಮ.”

“ನೀವು ನೋಡಿದ್ರಾ?”

“ನಮಗೆ ಅವರು ಹೋಟೆಲಿನಲ್ಲಿ...”

“ನನ್ನ ಮಗಳು ಮಲಗೂ ಜಾಗ ನೋಡಿದ್ರಾ?”

ಪ್ರಿನ್ಸಿಪಾಲರು ಸಭೆಯ ಕಡೆ ನೋಡಿ ಮುಗುಳ್ನಕ್ಕರು. ಯಾರೂ ತಿರುಗಿ ನಗಲಿಲ್ಲ.

“ಆತು,” ಎಂದಳು ದುರ್ಗಿ. “ಒಲೆ ನೋಡ್ಲಿಲ್ಲ, ಜಾಗ ನೋಡ್ಲಿಲ್ಲ. ಉಂಡ್ಕಂಡು ಬಂದ್ರಿ.”

ಮೈಕನ್ನು ಕೆಳಗಿಡುವ ಮೊದಲು ಅವಳು ಮಾಲತಿಯ ಕಡೆ ನೋಡಿದಳು. ಅಂಥ ಕೋಪದ ನೋಟವೇನೂ ಅಲ್ಲ. “ನೀವೂ ಉಂಡಿದ್ರಿ ಅಕ್ಕೋರೆ. ಬೆಂಗ್ಳೂರಲ್ಲಿ. ನೀವೇ ಹೇಳಿದ್ರಿ.”

ದಾರಿಯುದ್ದಕ್ಕೂ ಪ್ರಿನ್ಸಿಪಾಲರಿಗೆಂದು ಕೂಡಿಟ್ಟ ಸಿಟ್ಟು ಮಾಲತಿಯ ಮೇಲೆಯೇ ಮಗುಚಿ ಬಿತ್ತು. ಆ ಹೋಟೆಲಿನ ಊಟದ ರುಚಿ ಇನ್ನೂ ನೆನಪಿತ್ತು. ಅಲ್ಲಿ ಅವಳೂ ಒಂದು ಪ್ರಶ್ನೆ ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಎಷ್ಟು ದಿನ, ರೂಮಿಗೆ ಎಷ್ಟು ಜನ, ಯಾವುದನ್ನೂ ಕೇಳಿರಲಿಲ್ಲ. ಮರ್ಯಾದೆಯ ಜನ ಎಂದು ಬಂದುಬಿಟ್ಟಿದ್ದಳು. ನಾಗುವಿಗೆ ಮನೆ ನೋಡಿ ಬಂದ ಚಿಕ್ಕಪ್ಪ ಮಾಡಿದ್ದನ್ನೇ ತಾನೂ ಮಾಡಿದ್ದಳು.

ಅವಳು ಎದ್ದಳು. ಕಟ್ಟಿದ ಬಾಯಿ ಬಿಚ್ಚಿತು.

“ಹೌದು, ಉಂಡಿದ್ದೇನೆ. ನೋಡದೆ ಚೆನ್ನಾಗಿದೆ ಎಂದು ನಿಮ್ಮ ಜಗಲಿಯಲ್ಲಿ ಕೂತು ಹೇಳಿದ್ದೇನೆ. ಈ ವರದಿಗೆ ನಾನು ಸಹಿ ಹಾಕುವುದಿಲ್ಲ. ಯಾಕೆಂದು ನೀವೇ ನೋಡಿ.”

ಮೊಬೈಲಿನಲ್ಲಿ ಆ ಫೋಟೋ ತೆರೆದು ಮುಂದಿನ ಸಾಲಿನವರ ಕೈಗೆ ಕೊಟ್ಟಳು. ಪ್ರಿನ್ಸಿಪಾಲರು “ಮೇಡಂ, ಕೂತ್ಕೊಳ್ಳಿ, ಇದು ಸಭೆ,” ಎನ್ನುತ್ತಲೇ ಇದ್ದರು. ಫೋನು ಕೈಯಿಂದ ಕೈಗೆ ಹೋಯಿತು. ಬಂದರಿನ ಒಬ್ಬ ಹೆಂಗಸು ಅದನ್ನು ಹತ್ತಿರ ಹಿಡಿದು ನೋಡಿ, ಪಕ್ಕದವಳಿಗೆ ತನ್ನ ಕೈಯನ್ನೇ ತೋರಿಸಿ, “ಇದು ಬರ್ಫದ ಕೈ. ದಿನಾ ಎಂಟು ತಾಸು ಮೀನಿಗೆ ಹಾಕೂ ಬರ್ಫದಲ್ಲಿ ಕೈ ಇಟ್ರೆ ಹಿಂಗಾಗ್ತದೆ,” ಎಂದಳು. ಅಲ್ಲಿಂದ ಮುಂದೆ ಯಾರಿಗೂ ವಿವರಿಸುವುದು ಬೇಕಾಗಲಿಲ್ಲ.

ಕೊನೆಗೆ ಫೋನು ದುರ್ಗಿಯ ಕೈಗೆ ಬಂತು. ಅವಳು ಬೆರಳಿನಿಂದ ಗಾಜಿನ ಮೇಲೆ ಮಗಳ ಬೆರಳನ್ನು ಸವರಿದಳು.

“ಇದು ಯಾವಾಗಿಂದು?”

“ನವೆಂಬರಿನದು.”

“ಈಗ ಯಾವ ತಿಂಗ್ಳು?”

“ಫೆಬ್ರವರಿ, ದುರ್ಗಕ್ಕಾ.”

ದುರ್ಗಿ ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಕಾಲೇಜಿನ ಕಾರು ಹತ್ತಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದೇ ಹೋದಳು. ಹನ್ನೊಂದು ಒಪ್ಪಿಗೆ ಪತ್ರಗಳಲ್ಲಿ ಒಂದಕ್ಕೂ ಅವತ್ತು ಸಹಿ ಬೀಳಲಿಲ್ಲ.

ಮರುದಿನ ಮಾಲತಿ ತನ್ನದೇ ವರದಿ ಬರೆದು, ಫೋಟೋ ಸೇರಿಸಿ, ಅನುದಾನ ಕೊಟ್ಟ ಸಂಘಕ್ಕೂ ರಾಯಭಾರ ಕಚೇರಿಗೂ ಕಳಿಸಿದಳು. ಬೆಂಗಳೂರಿನ ಊಟವನ್ನೂ ಅದರಲ್ಲಿ ಬರೆದಳು. ಆ ವಾರವೇ ಅವಳನ್ನು ಸಲಹೆಗಾರ್ತಿಯ ಕೆಲಸದಿಂದ ತೆಗೆದರು. ಮುಖ್ಯ ಸಲಹೆಗಾರರು ಮಾತ್ರ ಉಳಿದರು, ಸಲಹೆ ಕೇಳಲು ಯಾರೂ ಬರುತ್ತಿರಲಿಲ್ಲ ಅಷ್ಟೇ. ಮೂರನೆಯ ವಾರ ಪವಿತ್ರಾಳ ಸಂದೇಶ ಬಂತು. ಐವರಿಗೂ ಪಾಸ್‌ಪೋರ್ಟ್ ವಾಪಸು ಕೊಟ್ಟಿದ್ದಾರೆ, ಮಾರ್ಚ್ ಕೊನೆಗೆ ಊರಿಗೆ ಬರುತ್ತೇನೆ, ಮುಚ್ಚಿಟ್ಟೆನೆಂದು ಅವ್ವಿಗೆ ಸಿಟ್ಟು, ಫೋನು ಎತ್ತುತ್ತಿಲ್ಲ, ನೀವೇ ಹೋಗಿ ಹೇಳಿ.

ಮಾಲತಿ ಬಾಡಕ್ಕೆ ಹೋದಾಗ ಮಧ್ಯಾಹ್ನ. ಒಳಗೆ ಸಾರು ಕುದಿಯುತ್ತಿತ್ತು, ಜಗಲಿಯ ತನಕ ಪರಿಮಳ. ದುರ್ಗಿ ಹೊರಗೆ ಬಂದಳು, ಚಾಪೆ ಹಾಸಿದಳು, ಸುದ್ದಿ ಕೇಳಿದಳು. ತಾರೀಖನ್ನು ಎರಡು ಸಲ ಹೇಳಿಸಿಕೊಂಡಳು. ನಾನು ಆಗಲೇ ನಿಮಗೆ ಹೇಳಬೇಕಾಗಿತ್ತು, ತಪ್ಪಾಯಿತು ಎಂದಳು ಮಾಲತಿ. ದುರ್ಗಿ ಎದ್ದು ಒಳಗೆ ಹೋದಳು.

ಎಲೆ ಹಾಕುತ್ತಾಳೆ ಎಂದುಕೊಂಡಿದ್ದಳು ಮಾಲತಿ. ದುರ್ಗಿ ತಂದದ್ದು ಒಂದು ತಂಬಿಗೆ ನೀರು.

“ಅವಳು ಬರ್ಲಿ ಅಕ್ಕೋರೆ. ಅವಳ ಕೈ ನಾ ನೋಡ್ಬೇಕು. ಊಟ ಆಮೇಲೆ.”

ಮಾಲತಿ ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟಳು.